ಆರಕ್ಕೆ ನಿಲ್ಲಿಸಬಾರದು

ಅವತ್ತು ಸಂತೆ ಮುಗಿಸಿಕೊಂಡು ಬಂದವನು ಎಂದಿನಂತೆ ಕಾಳು ಅಳೆಯುವ ಕೊಳಗವನ್ನು ನಡುಮನೆಯ ಕಲ್ಲುಹಾಸಿನ ಮೇಲೆ ಇಟ್ಟೆ. ಸದ್ದಾಗಲಿಲ್ಲ. ಎತ್ತಿ ಇನ್ನೊಮ್ಮೆ ಇಟ್ಟೆ, ಈ ಸಲ ಕುಕ್ಕಿಯೇ ಇಟ್ಟೆ. ಹಿತ್ತಾಳೆಯ ಪಟ್ಟಿ ಬಡಿದ ಕಬ್ಬಿಣದ ಕೊಳಗ ಅದು, ಅಪ್ಪನ ಕಾಲದ್ದು. ಕಲ್ಲಿಗೆ ತಾಗಿದರೆ ಪಕ್ಕದ ಮನೆಯ ಕೂಸು ಬೆಚ್ಚಿಬೀಳುತ್ತಿತ್ತು. ಈಗ ಹತ್ತಿಯ ಮೂಟೆಯ ಮೇಲೆ ಇಟ್ಟ ಹಾಗಾಯಿತು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಒಳಕೋಣೆಯಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದಳು. ನಮ್ಮ ಮನೆ ಕಿವಿ ಮುಚ್ಚಿಕೊಂಡಿತ್ತು.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಇಷ್ಟು ಹೇಳಿದರೆ ಸಾಕು. ಯಾರಾದರೂ ಕೊನೆಯ ಹಾಸಿಗೆ ಹಿಡಿದರೆ ಆ ಮನೆ ಕಿವಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊಸ್ತಿಲ ಒಳಗೆ ಮಾತು ಕೇಳಿಸುವುದಿಲ್ಲ, ಪಾತ್ರೆ ಬಿದ್ದದ್ದು ಕೇಳಿಸುವುದಿಲ್ಲ, ಕೆಮ್ಮಿದ್ದು ನರಳಿದ್ದು ಯಾವುದೂ ಕೇಳಿಸುವುದಿಲ್ಲ. ಹಾಡಿದರೆ ಮಾತ್ರ ಕೇಳಿಸುತ್ತದೆ. ಅದೂ ಶ್ರುತಿಯಲ್ಲಿದ್ದರೆ. ಮಲಗಿದವರ ಉಸಿರು ನಿಂತ ಮೇಲೆಯೇ ಮನೆ ಮತ್ತೆ ಕಿವಿ ತೆರೆಯುವುದು. ಮಲಗಿದವರನ್ನು ಎತ್ತಿಕೊಂಡು ಬೇರೆ ಮನೆಗೆ ಹೋದರೆ ಆಯಿತಲ್ಲ ಎನ್ನಬೇಡಿ. ಮೇಲಿನ ಬೀದಿಯವರು ಹಾಗೆ ಮಾಡಿ ನೋಡಿದರು, ಬೀಗರ ಮನೆಯೂ ಕಿವಿ ಮುಚ್ಚಿಕೊಂಡು ಎರಡು ಮನೆಗೂ ಮಾತಿಲ್ಲದಂತಾಯಿತು.

ಊರು ಇದಕ್ಕೆ ಎಂದೋ ಒಗ್ಗಿಕೊಂಡಿದೆ. ಅಂಥ ಮನೆಗೆ ಬಂದ ಅಂಚೆಯವನು ಹೆಸರನ್ನು ರಾಗವಾಗಿ ಕರೆಯುತ್ತಾನೆ. ಹಾಲಿನವಳು ಒಳಗೆ ಕಾಲಿಡುತ್ತಲೇ ಅರ್ಧ ಸೇರೋ ಪಾವೋ ಎಂದು ಸೋಬಾನೆಯ ಧಾಟಿಯಲ್ಲಿ ಕೇಳುತ್ತಾಳೆ. ಗಾಣದ ಮನೆಯ ಅಣ್ಣತಮ್ಮಂದಿರು ಮುದುಕನ ಮಂಚದ ಆಚೆಗೊಬ್ಬ ಈಚೆಗೊಬ್ಬ ಕೂತು, ಹಿತ್ತಲಿನ ಬೇವಿನಮರ ಯಾರದೆಂದು ಒಂಬತ್ತು ದಿನ ಹಾಡಿನಲ್ಲೇ ಜಗಳವಾಡಿದರು. ಬೈಗುಳಕ್ಕೆ ರಾಗ ಹಾಕಿದರೆ ಅದು ಎಷ್ಟು ಹೊತ್ತು ಬೈಗುಳವಾಗಿ ಉಳಿದೀತು? ಹತ್ತನೆಯ ದಿನ ತಮ್ಮ ಪಲ್ಲವಿ ಎತ್ತಿಕೊಂಡರೆ ಅಣ್ಣ ತಾಳ ಹಾಕುತ್ತಿದ್ದ. ಬೇರೆ ಊರುಗಳಲ್ಲಿ ಹೆಣ್ಣು ನೋಡಲು ಹೋದಾಗ ಹಾಡಿಸುವುದು ಬರೀ ಶಾಸ್ತ್ರ. ನಮ್ಮಲ್ಲಿ ಹುಡುಗನನ್ನೂ ಹಾಡಿಸುತ್ತಾರೆ. ನಾಳೆ ಯಾರು ಯಾರಿಗೆ ಕೂರಬೇಕಾಗುತ್ತದೋ ಯಾರಿಗೆ ಗೊತ್ತು. ಮಲಗಿದವರ ಪಕ್ಕದಲ್ಲಿ ಕೂತು ನೋಡಿಕೊಳ್ಳುವವರಿಗೆ ನಮ್ಮಲ್ಲಿ 'ಕೂತವರು' ಎಂದೇ ಹೆಸರು.

ನನ್ನ ವಿಷಯ ಹೇಳುತ್ತೇನೆ. ಹನ್ನೊಂದು ಮನೆಗಳಲ್ಲಿ ನಾನು ಉಪ್ಪಿಟ್ಟು ತಿಂದು, ಹಾಡಿ, ವಾಪಸು ಬಂದಿದ್ದೇನೆ. ಹನ್ನೆರಡನೆಯ ಮನೆಗೆ ಹೋಗಲಿಲ್ಲ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಅರ್ಧ ಗಂಟೆ ನಡೆಯುತ್ತಿತ್ತು. ದೇವರಿಗಿಂತ ಹೆಚ್ಚಾಗಿ ಗಂಟಲಿನ ರೂಢಿಗೆ. ಎರಡನೆಯ ಇಯತ್ತೆಯಲ್ಲಿ ಮೇಷ್ಟ್ರು ನನ್ನನ್ನು ಸಾಲಿನಿಂದ ಈಚೆಗೆ ಎಳೆದು, "ಹಾಲಪ್ಪ, ನೀನು ಬರೀ ತುಟಿ ಆಡ್ಸು. ಉಳಿದೋರ ದಾರಿ ತಪ್ಪಿಸ್ಬೇಡ" ಎಂದರು. ಅವತ್ತಿನಿಂದ ತುಟಿ ಆಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ದೂರದಿಂದ ನೋಡಿದವರು ಎಂಥ ಗಾಯಕ ಎನ್ನಬೇಕು, ಹಾಗೆ ಆಡಿಸುತ್ತಿದ್ದೆ. ಮನೆಗೆ ಬಂದು ಅತ್ತಾಗ ಅಕ್ಕ ನಕ್ಕಳು. "ಅದಕ್ಯಾಕೋ ಅಳ್ತೀಯ? ನೀನು ಯಾರಿಗೆ ಕೂತು ಹಾಡ್ಬೇಕು ಹೇಳು. ನಾನಂತೂ ಎಲ್ಲಿಗೂ ಹೋಗಲ್ಲ."

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಹೆಸರು ಕೊಟ್ರಮ್ಮ. ಅವ್ವ ಹೋದಾಗ ನನಗೆ ಮೂರು ತುಂಬಿರಲಿಲ್ಲ. ಅವಳ ಮುಖ ನನಗೆ ನೆನಪಿಲ್ಲ, ನೆನಪಿರುವುದೆಲ್ಲ ಅಕ್ಕನ ಸೊಂಟ. ಅಲ್ಲಿ ಕೂತೇ ನಾನು ಊರು ನೋಡಿದ್ದು. ಹತ್ತೊಂಬತ್ತಕ್ಕೆ ಮದುವೆಯಾಗಿ ಕೆಳಗಿನ ಬೀದಿಗೆ ಹೋದವಳು ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಹಿಂದಿರುಗಿದಳು. ಆ ಮನೆಯಲ್ಲಿ ನಲವತ್ತು ದಿನ ಕೂತು ಹಾಡಿದ್ದಳು. ಅದರ ಬಗ್ಗೆ ಅವಳು ಹೆಚ್ಚು ಮಾತಾಡಿದವಳಲ್ಲ. ಒಮ್ಮೆ ಮಾತ್ರ ಸೊಪ್ಪು ಬಿಡಿಸುತ್ತ, "ಹಾಡೋದು ಸುಲಭ ಕಣೋ, ನಿಲ್ಸೋದು ಕಷ್ಟ" ಎಂದಿದ್ದಳು. ನಾನು ಅದನ್ನು ಗಂಟಲಿನ ವಿಷಯ ಎಂದುಕೊಂಡಿದ್ದೆ.

ಚಿಕ್ಕಂದಿನಲ್ಲಿ ಅವಳು ನನ್ನನ್ನು ಎಬ್ಬಿಸುತ್ತಿದ್ದ ರೀತಿಯೇ ಬೇರೆ. ಅಪ್ಪ ಸಂತೆಯಲ್ಲಿ ಕಾಳು ಅಳೆಯುವವರು. ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ತುಂಬುವಾಗ ಒಮ್ಮೆ, ಚೀಲಕ್ಕೆ ಸುರಿಯುವಾಗ ಒಮ್ಮೆ: ಲಾಭವೋ ಲಾಭ, ಎರಡೋ ಎರಡು, ಮೂರೋ ಮೂರು. ಅಕ್ಕ ಬೆಳಗ್ಗೆ ಅಂಗಳ ಸಾರಿಸಿ ಬಂದು ನನ್ನ ತಲೆದೆಸೆಯಲ್ಲಿ ಕೂತು, ಅಪ್ಪನ ಅದೇ ಧಾಟಿಯಲ್ಲಿ ಲಾಭದಿಂದ ಶುರುಮಾಡುವಳು. ನಾಲ್ಕಕ್ಕೆ ನನಗೆ ಎಚ್ಚರ. ಐದಕ್ಕೆ ಕಂಬಳಿ ಇನ್ನಷ್ಟು ಬಿಗಿ. ಆರನ್ನು ಅವಳು ಎಳೆಯುತ್ತಿದ್ದಳು, ಆರೋ... ಆರು... ಎಂದು ಬಾವಿಯ ಹಗ್ಗ ಬಿಟ್ಟಂತೆ ಬಿಡುತ್ತಲೇ ಹೋಗುವಳು. ಆ ಎಳೆತದಲ್ಲಿ ನನಗೆ ಇನ್ನೊಂದು ಪುಟ್ಟ ನಿದ್ದೆ ಸಿಗುತ್ತಿತ್ತು. ಅಷ್ಟು ರುಚಿಯಾದ ನಿದ್ದೆಯನ್ನು ನಾನು ಮತ್ತೆ ಮಾಡಿಲ್ಲ. ಆಮೇಲೆ ಒಮ್ಮೆಲೇ "ಏಳೋ ಏಳು!" ಎಂದು ಕಂಬಳಿ ಕಿತ್ತುಬಿಡುವಳು. ಲೆಕ್ಕದ ಏಳೂ ಅದೇ, ಹಾಸಿಗೆಯಿಂದ ಏಳೂ ಅದೇ.

ಅಪ್ಪನ ನಂತರ ಕೊಳಗ ನನ್ನ ಕೈಗೆ ಬಂತು. ಈಗ ಸಂತೆಗೆ ತೂಕದ ಯಂತ್ರ ಬಂದಿದೆ. ಕೆಂಪು ಅಂಕಿ ತೋರಿಸಿ ಸುಮ್ಮನಿರುತ್ತದೆ, ಲಾಭ ಎನ್ನಲು ಅದಕ್ಕೆ ಬಾಯಿಲ್ಲ. ನಮ್ಮ ಕಾಲದಲ್ಲಿ ಅಳತೆಯವನ ಕೂಗು ಕೇಳಿಯೇ ಯಾರ ರಾಶಿ ಎಷ್ಟೆಂದು ಊರಿಗೆ ತಿಳಿಯುತ್ತಿತ್ತು. ಅಳತೆಗೆ ಒಂದು ನೇಮವೂ ಇತ್ತು. ಆರಕ್ಕೆ ನಿಲ್ಲಿಸಬಾರದು. ಆರು ಎಂದರೆ ಒಲೆ ಆರಿದಂತೆ, ದೀಪ ಆರಿದಂತೆ. ರಾಶಿ ಆರಕ್ಕೇ ಮುಗಿಯುವ ಹಾಗಿದ್ದರೆ ಒಂದು ಬೊಗಸೆ ಉಳಿಸಿಕೊಂಡಿದ್ದು, ಅದನ್ನೇ ಕೊಳಗಕ್ಕೆ ಹಾಕಿ, "ಏಳೋ ಏಳು" ಎಂದು ಕೂಗಿ ಚೀಲ ಕಟ್ಟುತ್ತಿದ್ದೆವು. ನಲವತ್ತು ವರ್ಷ ಅಳೆದೆ. ಒಂದು ದಿನವೂ ಆರಕ್ಕೆ ನಿಲ್ಲಿಸಿದವನಲ್ಲ.

ಅಂಥವನ ಮನೆ ಕಿವಿ ಮುಚ್ಚಿಕೊಂಡಿತು. ಮೊದಲ ದಿನವೇ ಗಂಜಿ ಉಕ್ಕಿ ಒಲೆ ಆರಿತು. ಕುದಿಯುವ ಸದ್ದು ಕೇಳಿಸಿದರೆ ತಾನೇ ತಿಳಿಯುವುದು? ಅಕ್ಕ ಕೆಮ್ಮಿದರೂ ಕೇಳಿಸದೆಂದು ಅವಳ ಮಣಿಕಟ್ಟಿನಿಂದ ನನ್ನ ಮಣಿಕಟ್ಟಿಗೆ ಒಂದು ಉದ್ದನೆಯ ದಾರ ಕಟ್ಟಿಕೊಂಡೆ. ನಮ್ಮಲ್ಲಿ ಕೂತವರೆಲ್ಲ ಮಾಡುವುದು ಅದನ್ನೇ. ದಾರ ಅಲುಗಿದರೆ ಓಡುವುದು, ಅಲುಗದಿದ್ದರೆ ಯಾಕೆ ಅಲುಗಲಿಲ್ಲವೆಂದು ಓಡುವುದು. ಅಕ್ಕನಿಗೆ ದನಿ ಇನ್ನೂ ಇತ್ತು. ಸಣ್ಣಗೆ, ಆದರೆ ಒಂದಿಷ್ಟೂ ಜಾರದೆ ಹಾಡುವಳು: ಗಂಜಿಗೆ ಉಪ್ಪಿಲ್ಲವೋ ತಮ್ಮ, ಕಾಲು ಒತ್ತೋ ತಮ್ಮ, ನಿನ್ನ ಮುಖ ಯಾಕೋ ಹುಳಿಮಜ್ಜಿಗೆ. ನಾನು ಉತ್ತರ ಕೊಡಲು ಬಾಯಿ ತೆರೆದರೆ ಏನೂ ಇಲ್ಲ. ಬರೆದು ತೋರಿಸೋಣವೆಂದರೆ ಅವಳಿಗೆ ಓದು ಬರದು. ಅವಳು ನನ್ನ ತುಟಿ ನೋಡುತ್ತಿದ್ದಳು, ನಾನು ಆಡಿಸುತ್ತಿದ್ದೆ. ಅವಳಿಲ್ಲದೆ ನನಗೆ ಬದುಕು ಗೊತ್ತಿಲ್ಲ ಎಂದು ಹೇಳಬೇಕಾಗಿತ್ತು. ನೀರು ಬೇಕಾ ಎಂದು ಕೇಳಲೂ ಆಗುತ್ತಿರಲಿಲ್ಲ.

ಐದನೆಯ ದಿನ ಹಾಜಿರಮ್ಮ ಬಂದರು. ದವಾಖಾನೆಯಿಂದ ಕಿವಿ ಮುಚ್ಚಿದ ಮನೆಗಳಿಗೆಂದೇ ಬರುವ ನರ್ಸು; ಊರವರು ಹಾಡ್ನರ್ಸಮ್ಮ ಎನ್ನುತ್ತಾರೆ. ಸೂಜಿಯ ಡಬ್ಬಿಯ ಬದಲು ಕಂಕುಳಲ್ಲಿ ಒಂದು ಶ್ರುತಿಪೆಟ್ಟಿಗೆ. ನಾನು ಅವರನ್ನು ಒಳಗೆ ಕರೆದೊಯ್ಯಲು ಎದ್ದರೆ ಅವರು ಜಗುಲಿಯ ಮೇಲೇ ಕೂತರು. ಜಗುಲಿ ಹೊಸ್ತಿಲ ಈಚೆ, ಅಲ್ಲಿ ಮಾತು ನಡೆಯುತ್ತದೆ.

"ಕೂತ್ಕೊಳಿ ಹಾಲಪ್ಪನೋರೇ. ನಾನು ಬಂದಿರೋದು ನಿಮ್ಮಕ್ಕನಿಗಲ್ಲ, ನಿಮಗೆ."

"ನನಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ."

"ಊಟ ಯಾವಾಗ ಮಾಡಿದ್ದು?"

ನಾನು ಯೋಚಿಸಿದೆ. ಯೋಚಿಸಬೇಕಾಗಿ ಬಂದದ್ದೇ ಉತ್ತರವಾಯಿತು. ಅವರು ಚೀಲದಿಂದ ಎರಡು ರೊಟ್ಟಿ ತೆಗೆದು ನನ್ನ ಕೈಗಿಟ್ಟರು. "ಮನೆ ಕಿವಿ ಮುಚ್ಕೊಂಡಾಗ ಮಲಗಿದೋರ ಕಷ್ಟ ಎಲ್ರಿಗೂ ಕಾಣತ್ತೆ. ಕೂತೋರ ಕಷ್ಟ ಯಾರಿಗೂ ಕೇಳ್ಸಲ್ಲ. ತಿನ್ನಿ. ಆಮೇಲೆ ಹಾಡೋಣ."

ಪಾಪ, ಅವರಿಗೇನು ಗೊತ್ತು. ಪೆಟ್ಟಿಗೆ ಒತ್ತಿ ಸ ಹಿಡಿಯಿರಿ ಎಂದರು. ನಾನು ಹಿಡಿದದ್ದು ಏನೆಂದು ಬೀದಿಯ ನಾಯಿ ಎದ್ದು ನೋಡಿತು. ಲಾಲಿ ಹಾಡು, ವಚನ, ಹಂತಿಯ ಪದ, ಎಲ್ಲ ಆಯಿತು. ಜಗುಲಿಯಲ್ಲಿ ಕಲಿತದ್ದನ್ನು ಒಳಗೆ ಹೋಗಿ ಹಾಡಿ ನೋಡುವುದು, ಕೇಳಿಸದೆ ಈಚೆಗೆ ಬರುವುದು. ಮೂರು ದಿನ ಹೀಗೇ ಅಳೆದೂ ಸುರಿದೂ ಮಾಡಿದೆವು. ಕೊನೆಗೆ ನನಗೆ ರೇಗಿತು.

"ಬಿಡಿ ನರ್ಸಮ್ಮ. ನನ್ನ ದನಿ ಆರಕ್ಕೇರಲ್ಲ, ಮೂರಕ್ಕಿಳಿಯಲ್ಲ. ಹುಟ್ಟಿದಾಗಿಂದ ಹಿಂಗೇ."

ಅವರು ಪೆಟ್ಟಿಗೆ ಮುಚ್ಚಿದರು. ಬಾಗಿಲಿನಾಚೆ ನಡುಮನೆಯಲ್ಲಿದ್ದ ನನ್ನ ಕೊಳಗದ ಕಡೆ ನೋಡಿದರು. "ನಾನು ಹೋದ ವರ್ಷ ನಿಮ್ಮ ಹತ್ರ ರಾಗಿ ಅಳೆಸಿದ್ದೆ. ಅವತ್ತು ನೀವು ಬಾಯಿ ಮುಚ್ಕೊಂಡು ಅಳೆದ್ರಾ?"

"ಅದು ಲೆಕ್ಕ ನರ್ಸಮ್ಮ. ಹಾಡಲ್ಲ."

"ಹೌದಾ? ಇಡೀ ಸಂತೆಲಿ ನಿಮ್ಮೊಬ್ರದೇ ಶ್ರುತಿ ಸರಿಯಾಗಿತ್ತು. ನಾನು ಎರಡು ಕೊಳಗ ಸಾಕಾಗಿದ್ರೂ ಎಂಟು ಅಳೆಸ್ದೆ, ಕೇಳೋಕೆ."

ನನಗೆ ನಗು ಬಂತು, ಅಳುವೂ ಬಂತು. ಒಳಗೆ ಹೋದೆ. ಅಕ್ಕ ಕಣ್ಣು ಮುಚ್ಚಿದ್ದಳು. ಕೊಳಗವನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಕೂತೆ, ಇಲ್ಲದಿದ್ದರೆ ನನಗೆ ಬಾಯಿ ಬಾರದು. ರಾಶಿ ಇದೆ ಎಂದುಕೊಂಡೆ. ತುಂಬಿದೆ, ಸುರಿದೆ. "ಲಾಭವೋ ಲಾಭ." ಎಂಟು ದಿನದ ಮೇಲೆ ಆ ಮನೆಯಲ್ಲಿ ನನ್ನ ದನಿ ನನಗೇ ಕೇಳಿಸಿತು. ಎಷ್ಟು ಒರಟು, ಎಷ್ಟು ಸರಿಯಾಗಿ ಅಪ್ಪನದು! ಎರಡೋ ಎರಡು. ಮೂರೋ ಮೂರು. ನಾಲ್ಕಕ್ಕೆ ಅಕ್ಕನ ರೆಪ್ಪೆ ಅಲುಗಿತು. ಏಳಕ್ಕೆ ಅವಳು ಕಣ್ಣು ತೆರೆದು ನನ್ನನ್ನೇ ನೋಡಿದಳು. ಆಮೇಲೆ ಅದೇ ಧಾಟಿಯಲ್ಲಿ ಹಾಡಿದಳು: "ಏಳೋ ಅಂತೀಯಲ್ಲೋ... ನಾನೇನು ನಿನ್ನ ತಮ್ಮನೇನೋ?"

ನಾನು ಕೊಳಗ ಅಪ್ಪಿಕೊಂಡು ಅತ್ತೆ. ಅತ್ತದ್ದು ಯಾರಿಗೂ ಕೇಳಿಸಲಿಲ್ಲ, ಅಷ್ಟು ಅನುಕೂಲ ಆ ಮನೆಯಲ್ಲಿತ್ತು. ಹೊರಗೆ ಬಂದಾಗ ಹಾಜಿರಮ್ಮ ನನ್ನ ಮುಖ ನೋಡಿ, "ಈಗ ಹೋಗಿ ಒಂದು ಗಂಟೆ ಮಲಗಿ, ದಾರ ನನ್ನ ಕೈಗೆ ಕಟ್ಟಿ" ಎಂದರು. ಎಂಟು ದಿನದಲ್ಲಿ ಮೊದಲ ಸಲ ನಾನು ಮಧ್ಯಾಹ್ನದ ಹೊತ್ತಿನಲ್ಲಿ ಜಗುಲಿಯ ಮೇಲೆ ಕಾಲು ಚಾಚಿ ನಿದ್ದೆ ಮಾಡಿದೆ.

ಆಮೇಲಿನ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಹೀಗೆ ಹೇಳಿದರೆ ಜನ ಒಂಥರಾ ನೋಡುತ್ತಾರೆ, ನೋಡಲಿ. ಒಂದೇ ಧಾಟಿಯಲ್ಲಿ ನನಗೆ ಎಲ್ಲ ಹೇಳಲು ಬಂತು. ಗಂಜಿಯೋ ಗಂಜಿ, ಕುಡಿಯಕ್ಕ. ಮಾತ್ರೆಯೋ ಮಾತ್ರೆ, ನುಂಗಕ್ಕ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಅಕ್ಕ ಛೇಡಿಸಿದಳು. ಹಾಜಿರಮ್ಮ ಜಗುಲಿಯಲ್ಲಿ ನನಗೊಂದು ಪಾಠ ಕೊಟ್ಟಿದ್ದರು: "ಮಾತ್ರೆ, ಗಂಜಿ ಆಯ್ತಲ್ಲ. ಇನ್ನು ನಿಮ್ಮಲ್ಲಿ ರಾಶಿ ಬಿದ್ದಿರೋದನ್ನ ಅಳೀರಿ." ನಾನು ಕೂತು ಅಳೆದೆ. ಲಾಭವೋ ಲಾಭ, ನಿನ್ನ ಸೊಂಟದ ಮೇಲೆ ಕೂತು ಸಂತೆಗೆ ಹೋದದ್ದು. ಎರಡೋ ಎರಡು, ಅಪ್ಪನ ಪಂಚೆ ಕತ್ತರಿಸಿ ನೀ ಹೊಲಿದ ಚಡ್ಡಿ, ಅದರ ಹಿಂದೆ ಕೆಂಪು ಅಂಚು ಬಂದು ಹುಡುಗರೆಲ್ಲ ನಕ್ಕದ್ದು. ಮೂರೋ ಮೂರು, ಉಳಿದ ಒಂದೇ ಹೋಳಿಗೆ ನನ್ನ ತಟ್ಟೆಗೆ ಹಾಕಿ ನಿನಗೆ ಹೊಟ್ಟೆನೋವು ಎಂದದ್ದು.

ಅಲ್ಲಿ ಅಕ್ಕ ಕೈಯೆತ್ತಿ ನಿಲ್ಲಿಸಿದಳು. "ಹೊಟ್ಟೆನೋವು ನಿಜವಾಗ್ಲೂ ಇತ್ತು ಕಣೋ," ಎಂದು ಹಾಡಿದಳು, "ಮೂರು ಮೊದಲೇ ತಿಂದಿದ್ದೆ."

ಐವತ್ತು ವರ್ಷ ನಾನು ಆ ಹೋಳಿಗೆಯ ಋಣ ಹೊತ್ತು ತಿರುಗಿದ್ದೆ! ನಗು ಕೇಳಿಸದ ಮನೆಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೀನಿಲ್ಲದೆ ನನಗೆ ಬದುಕು ಗೊತ್ತಿಲ್ಲ ಎಂಬುದನ್ನೂ ಅವತ್ತು ಸಂಜೆ ಐದನೆಯ ಕೊಳಗದಲ್ಲಿ ಹಾಕಿ ಸುರಿದೆ. ಅವಳು ಕೇಳಿಸಿಕೊಂಡಳು. ದಾರವನ್ನು ಎರಡು ಸಲ ಮೆಲ್ಲಗೆ ಜಗ್ಗಿದಳು.

ಆದರೆ ನಾನು ಆಸೆಬುರುಕ. ಒಂದು ವಿಷಯ ಗಮನಿಸಿದ್ದೆ. ಅಕ್ಕ ಎಷ್ಟೇ ಕುಗ್ಗಿ ಮಲಗಿರಲಿ, ನಾನು ಲಾಭದಿಂದ ಹಿಡಿದು ಏಳಕ್ಕೆ ಬಂದರೆ ಕಣ್ಣು ಬಿಡುತ್ತಿದ್ದಳು. ಒಂದು ದಿನ ಮೊಣಕೈ ಊರಿ ಎದ್ದೂ ಕೂತಳು. ಅಷ್ಟೇ ಸಾಕಾಯಿತು ನನಗೆ. ಡಾಕ್ಟರು ಏನಾದರೂ ಹೇಳಲಿ, ಈ ಏಳು ನನ್ನ ಕೈಯಲ್ಲಿದೆ ಎಂದುಕೊಂಡೆ. ಅವಳ ಉಸಿರು ಸಣ್ಣದಾದರೆ ಶುರು. ಕಣ್ಣು ಮೇಲೆ ಹೋದರೆ ಶುರು. ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಕೊಳಗ ಕೆಳಗಿಟ್ಟದ್ದೇ ಇಲ್ಲ. ಗಂಟಲು ಬಿರಿಯಿತು. ಹಾಜಿರಮ್ಮ ತಂದ ರೊಟ್ಟಿ ಮತ್ತೆ ಹಾಗೇ ಉಳಿಯತೊಡಗಿತು. ಏಳೋ ಏಳು, ಏಳೋ ಏಳು! ಪ್ರತಿ ಸಲವೂ ಅಕ್ಕ ಎಲ್ಲಿಂದಲೋ ತಿರುಗಿ ಬರುವಳು, ಬಹಳ ದೂರ ಹೋಗಿದ್ದವಳನ್ನು ಕೂಗಿ ಕರೆದ ಹಾಗೆ, ಮುಖವೆಲ್ಲ ಬೆವೆತು.

ಆ ದಿನಗಳಲ್ಲಿ ಅವಳೂ ಎಣಿಸಲು ಶುರುಮಾಡಿದಳು. ಬೆಳಗ್ಗೆ ನಾನು ಮುಖ ಒರೆಸುವಾಗ ನನ್ನ ಕೈ ಹಿಡಿದುಕೊಂಡು ತಾನೇ ಲಾಭವೋ ಲಾಭ ಎನ್ನುವಳು. ದನಿ ನೂಲಿನ ಎಳೆಯಂತೆ ಆಗಿತ್ತು, ಆದರೂ ಸರಿಯಾಗಿ ನಡೆಯುವಳು. ಐದೋ ಐದು. ಆರೋ... ಆರು... ಎಂದು ಎಳೆದು ನಿಲ್ಲಿಸಿ ನನ್ನ ಮುಖ ನೋಡುವಳು. ಉಸಿರು ಸಾಲಲಿಲ್ಲ ಎಂದುಕೊಂಡು ನಾನು ಗಟ್ಟಿಯಾಗಿ "ಏಳೋ ಏಳು" ಎಂದು ಪೂರೈಸುವೆ. ಅಳತೆಯವನ ಮುಂದೆ ಯಾರಾದರೂ ಆರಕ್ಕೆ ಬಿಟ್ಟರೆ ಬಾಯಿ ಸುಮ್ಮನಿರುತ್ತದೆಯೇ? ಅವಳು ಕಣ್ಣು ಮುಚ್ಚಿ ತಲೆಯಾಡಿಸುವಳು. ಇನ್ನೊಮ್ಮೆ ಲಾಭದಿಂದ ತೊಡಗುವಳು. ಇನ್ನೊಮ್ಮೆ ಆರಕ್ಕೆ ನಿಲ್ಲುವಳು. ನಾನು ಇನ್ನೊಮ್ಮೆ ಪೂರೈಸುವೆ. ಅಕ್ಕನಿಗೆ ನೆನಪು ಹೋಗುತ್ತಿದೆ ಎಂದುಕೊಂಡೆ.

ಅವಳು ಹೀಗೆ ಎಣಿಸತೊಡಗಿದ ನಾಲ್ಕನೆಯ ದಿನ ಇದನ್ನು ಹಾಜಿರಮ್ಮನಿಗೆ ಹೇಳಿದೆ. ಅವರು ಜಗುಲಿಯಲ್ಲಿ ಕೂತು ನನ್ನ ಗಂಟಲಿಗೆಂದು ಶುಂಠಿ ಜಜ್ಜುತ್ತಿದ್ದರು.

"ಎಷ್ಟಕ್ಕೆ ನಿಲ್ಲಿಸ್ತಾರೆ ಅಂದ್ರಿ?"

"ಆರಕ್ಕೆ. ಉಸಿರು ಸಾಲಲ್ಲ ಪಾಪ."

"ದಿನಾ ಆರಕ್ಕೇನಾ?"

"ದಿನಾ ಆರಕ್ಕೇ."

ಅವರು ಜಜ್ಜುವುದನ್ನು ನಿಲ್ಲಿಸಿದರು. "ಉಸಿರು ಸಾಲದಿದ್ರೆ ಒಂದಿನ ನಾಲ್ಕಕ್ಕೆ ನಿಲ್ಬೇಕು, ಒಂದಿನ ಐದಕ್ಕೆ ನಿಲ್ಬೇಕು. ಅವ್ರು ಆರಕ್ಕೇ ಬಂದು ನಿಲ್ತಾರೆ ಅಂದ್ರೆ, ಹಾಲಪ್ಪನೋರೇ, ಅವ್ರು ಏನೋ ಹೇಳ್ತಿದಾರೆ. ನನಗೆ ನಿಮ್ಮ ಮನೆ ಲೆಕ್ಕ ಗೊತ್ತಿಲ್ಲ. ನಿಮಗೆ ಗೊತ್ತಿರ್ಬೇಕು."

"ಆರಕ್ಕೆ ನಿಲ್ಲಿಸ್ಬಾರ್ದು ನರ್ಸಮ್ಮ," ಎಂದೆ. ಅಂದ ಕೂಡಲೇ ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ, ಇದೇ ಮನೆಯಲ್ಲಿ ಕೇಳಿದ್ದು ನೆನಪಾಯಿತು.

ಆಗ ನನಗೆ ಎಂಟು ವರ್ಷ. ದಡಾರ ಎದ್ದು ಮೈಯೆಲ್ಲ ಕೆಂಡ. ಬೆಳಗ್ಗೆ ಅಕ್ಕ ತಲೆದೆಸೆಯಲ್ಲಿ ಕೂತು ಲಾಭದಿಂದ ಶುರುಮಾಡಿದಳು. ಆರೋ... ಆರು... ಎಂದು ಎಳೆದಳು. ಈಗ ಕಂಬಳಿ ಕೀಳುತ್ತಾಳೆಂದು ಮೈ ಬಿಗಿ ಹಿಡಿದು ಕಾದೆ. ಕಾದೇ ಕಾದೆ. ಕಣ್ಣು ತೆರೆದರೆ ಅವಳು ಕಂಬಳಿಯನ್ನು ನನ್ನ ಕುತ್ತಿಗೆಯವರೆಗೂ ಎಳೆದು ಹೊದಿಸುತ್ತಿದ್ದಳು. "ಏಳು ಅನ್ನಲ್ವಾ?" ಎಂದೆ. "ಇವತ್ತು ಆರಕ್ಕೇ ಸಾಕು. ಮಲ್ಕೋ," ಎಂದಳು. ಕೊಳಗ ಹೆಗಲಿಗೇರಿಸಿ ಹೊರಟಿದ್ದ ಅಪ್ಪ ಬಾಗಿಲಲ್ಲಿ ನಿಂತು, "ಏ, ಆರಕ್ಕೆ ನಿಲ್ಲಿಸ್ಬಾರ್ದು ಕಣೇ" ಎಂದರು. ಅಕ್ಕ ತಿರುಗಿಯೂ ನೋಡದೆ, "ಅದು ರಾಗಿಗೆ ಅಪ್ಪ, ಹುಡುಗನಿಗಲ್ಲ" ಎಂದಿದ್ದಳು. ಆ ದಿನ ನಾನು ಮಾಡಿದ ನಿದ್ದೆಗೆ ತಳವೇ ಇರಲಿಲ್ಲ. ಎದ್ದಾಗ ಜ್ವರ ಇಳಿದಿತ್ತು.

ನಾಲ್ಕು ದಿನದಿಂದ ಅವಳು ನನ್ನನ್ನು ಕೇಳುತ್ತಿದ್ದದ್ದು ಇಷ್ಟೇ. ಹಾಗೆಂದು ನೇರವಾಗಿ ಹಾಡಬಹುದಿತ್ತು. ನನ್ನನ್ನು ಬಿಟ್ಟು ಹೋಗುತ್ತೇನೆಂದು ಅವಳ ಬಾಯಲ್ಲಿ ಬರಲಾರದು, ಎಲ್ಲಿಗೂ ಹೋಗುವುದಿಲ್ಲವೆಂದು ಮಾತು ಕೊಟ್ಟವಳಲ್ಲವೇ. ಅದಕ್ಕೇ ನನ್ನ ಲೆಕ್ಕದಲ್ಲೇ ಕೇಳಿದಳು. ನಾನು ಪ್ರತಿ ಸಲವೂ ಅವಳ ಕಂಬಳಿ ಕಿತ್ತೆ.

ಹಾಜಿರಮ್ಮನಿಗೆ ಎಲ್ಲ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮಗೆ ಆಗತ್ತಾ?" ಎಂದು ಮಾತ್ರ ಕೇಳಿದರು. ಆಗುವುದಿಲ್ಲ ಎಂದೆ. "ಆಗದಿದ್ರೂ ಪರವಾಗಿಲ್ಲ. ನಾನು ಇಲ್ಲೇ ಕೂತಿರ್ತೀನಿ," ಎಂದರು.

ಮಾರನೆಯ ಬೆಳಗ್ಗೆ ಬಿಸಿಲು ಕಿಟಕಿಯಿಂದ ಮಂಚದ ಕಾಲಿನವರೆಗೆ ಬಂದಿತ್ತು. ಗಂಜಿಯನ್ನು ಒಲೆಯ ಮೇಲಿಟ್ಟು ಬಂದು, ಅಕ್ಕನ ಮುಖ ಒರೆಸಿ, ತಲೆ ಬಾಚಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ಲಾಭ ಎನ್ನಲು ತುಟಿ ತೆರೆದಳು, ದನಿ ಬರಲಿಲ್ಲ. ಅವತ್ತು ನಾನು ಕೊಳಗ ತಂದುಕೊಳ್ಳಲಿಲ್ಲ. ಅವಳ ತಲೆದೆಸೆಯಲ್ಲಿ, ಅವಳು ನನ್ನ ತಲೆದೆಸೆಯಲ್ಲಿ ಕೂರುತ್ತಿದ್ದ ಹಾಗೆ, ಕಾಲು ಮಡಚಿ ಕೂತೆ.

"ಲಾಭವೋ ಲಾಭ," ಎಂದೆ. ಅವಳು ಕಣ್ಣು ಮುಚ್ಚಿದಳು. ಎರಡೋ ಎರಡು, ಮೂರೋ ಮೂರು. ಮೆಲ್ಲಗೆ, ರಾಶಿ ದೊಡ್ಡದಿದೆ ಹೊತ್ತು ಬೇಕಾದಷ್ಟಿದೆ ಎಂಬಂತೆ ಅಳೆದೆ. ನಾಲ್ಕೋ ನಾಲ್ಕು. ಐದರಲ್ಲಿ ನನ್ನ ದನಿ ಬಿರಿಯಿತು. ಬಿರಿದರೆ ಕೇಳಿಸದೆಂದು ಹೆದರಿ ಮತ್ತೊಮ್ಮೆ ಸರಿಯಾಗಿ ಐದು ಎಂದೆ. ಅಳತೆಯಲ್ಲಿ ನಾನು ಮಾಡಿದ ತಪ್ಪು ಅದೊಂದೇ. ಆಮೇಲೆ ಆರೋ... ಎಂದು ಎಳೆದೆ. ನನಗಾಗಿ ಅವಳು ಎಳೆಯುತ್ತಿದ್ದಷ್ಟೂ ಉದ್ದ ಎಳೆದೆ, ಎದೆಯಲ್ಲಿ ಉಸಿರು ಇದ್ದಷ್ಟೂ ಎಳೆದೆ, ಅದರ ಕೊನೆಯಲ್ಲಿ ಆರು... ಎಂದು ಇಳಿಸಿದೆ.

ನಲವತ್ತು ವರ್ಷದ ರೂಢಿ, ಏಳು ತಾನಾಗಿ ನಾಲಿಗೆಯ ತುದಿಗೆ ಬಂದು ನಿಂತಿತು. ಅಕ್ಕ ಕಣ್ಣು ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಬರೀ ತುಟಿ ಆಡಿಸಿದೆ. ಮೇಷ್ಟ್ರು ಕಲಿಸಿದ ವಿದ್ಯೆ ಕೊನೆಗೂ ಉಪಯೋಗಕ್ಕೆ ಬಂತು. ಅವಳಿಗೆ ಅದು ಗೊತ್ತಾಯಿತು, ನಕ್ಕಳು. ಶಾಲೆಯಿಂದ ಅಳುತ್ತ ಬಂದ ದಿನ ನಕ್ಕಂತೆಯೇ. ಕಂಬಳಿಯನ್ನು ಕುತ್ತಿಗೆಯವರೆಗೂ ಎಳೆದು ಹೊದಿಸಿದೆ. ಅವಳು ಗೋಡೆಯ ಕಡೆ ಹೊರಳಿ ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡಳು. ಮಣಿಕಟ್ಟಿನ ದಾರ ಒಮ್ಮೆ ಬಿಗಿಯಾಗಿ ಸಡಿಲವಾಯಿತು.

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಅಡುಗೆಮನೆಯಿಂದ ಏನೋ ಸದ್ದು ಬಂತು. ಏನೆಂದು ಮೊದಲು ಹೊಳೆಯಲಿಲ್ಲ, ಆ ಮನೆಯಲ್ಲಿ ಸದ್ದು ಕೇಳಿ ಅಷ್ಟು ದಿನವಾಗಿತ್ತು. ಗಂಜಿ ಕೊತಕೊತ ಕುದಿಯುತ್ತಿತ್ತು.

"ಮಲ್ಕೋ ಅಕ್ಕ," ಎಂದೆ. ಹಾಡಲಿಲ್ಲ, ಮಾತಿನಲ್ಲೇ ಹೇಳಿದೆ. ಮನೆಯೆಲ್ಲ ಕೇಳಿಸಿತು.